ಅದಿರು ಲಾರಿ ನಿಲ್ಲುವ ರಸ್ತೆಗೆ ಎಂಥ ಡಾಂಬರು ಮಿಕ್ಸ್? ಸಂಡೂರು ಕಡೆಯ ಒಂದು ಪ್ರಕರಣ

ಸಂಡೂರಿನ ಗಣಿಗಳಿಂದ ತೋರಣಗಲ್ಲಿನ ಕಡೆಗೆ ಅದಿರು ಸಾಗುವ ರಸ್ತೆ. ವೇಬ್ರಿಡ್ಜ್‌ಗೆ ಮುಂಚಿನ 200 ಮೀಟರಿನಲ್ಲಿ ತುಂಬಿದ ಲಾರಿಗಳು ಸಾಲುಗಟ್ಟಿ ನಿಲ್ಲುತ್ತವೆ, ನಾಲ್ಕು ಮಾರು ಮುಂದೆ ಸರಿದು ಮತ್ತೆ ನಿಲ್ಲುತ್ತವೆ. ಡಾಂಬರು ಹಾಕಿದ ಮೊದಲ ಬೇಸಿಗೆಯಲ್ಲೇ ಎಡಗಡೆಯ ಗಾಲಿಜಾಡು ಇಳಿದಿದೆ, ಜಾಡಿನ ಎರಡೂ ಬದಿಗೆ ದಿಂಡು ಎದ್ದಿದೆ. ಜಾಡಿನ ತಳದಲ್ಲಿ ಡಾಂಬರು ಉಕ್ಕಿ ಬಂದು ಮಿರಮಿರ ಹೊಳೆಯುತ್ತದೆ. ಅದಕ್ಕೆ ಅದಿರಿನ ಕೆಂಪು ಪುಡಿ ಅಂಟಿ ಹದ ಮಾಡಿದ ಚರ್ಮದಂತಾಗಿದೆ. ಇದೇ ಪ್ಲಾಂಟಿನಿಂದ ಬಂದ ಇದೇ ಮಿಕ್ಸ್ ಹಿಂದಿನ ಎರಡು ಕಿಲೋಮೀಟರಿನಲ್ಲಿ ನೆಟ್ಟಗಿದೆ. ಮಿಕ್ಸಿನ ಲ್ಯಾಬ್ ಪರೀಕ್ಷೆಯ (ಮಾರ್ಷಲ್) ವರದಿ ತೆಗೆದರೆ ಎಲ್ಲ ಅಂಕಿಗಳೂ ಪಾಸ್.

ಬಳ್ಳಾರಿ, ಕೊಪ್ಪಳ, ರಾಯಚೂರು ಭಾಗದ ಭಾರಿ ಲಾರಿ ಓಡಾಟದ ರಸ್ತೆಗಳಲ್ಲಿ ಕೆಲಸ ಮಾಡುವವರಿಗೆ ಇದು ಪರಿಚಿತ ಚಿತ್ರ. ಒಂದೇ ಜಲ್ಲಿ, ಒಂದೇ ಡಾಂಬರನ್ನು ಮಾರ್ಷಲ್, ಸೂಪರ್‌ಪೇವ್ (ಜೈರೇಟರಿ), ರಿಫ್ಯೂಸಲ್ ಡೆನ್ಸಿಟಿ ಎಂಬ ಮೂರು ವಿಧಾನಗಳಿಂದ ಪರೀಕ್ಷಿಸಿದರೆ ಏನೇನು ಕಾಣುತ್ತದೆ ಎಂಬುದನ್ನು ಇಲ್ಲಿ ಕೂಲಂಕಷವಾಗಿ ನೋಡಿದೆ. ಮಿಕ್ಸಿನ ಮತ್ತು ಅಳತೆಯ ಅಂಕಿಗಳು ಲೆಕ್ಕ ತೋರಿಸಲು ಹೊಂದಿಸಿಕೊಂಡವು, ಯಾವುದೇ ಒಂದು ಕಾಮಗಾರಿಯ ವರದಿಯಿಂದ ತೆಗೆದವಲ್ಲ. ಮಾನದಂಡಗಳ ಅಂಕಿಗಳು ಮಾತ್ರ ಆಯಾ ಮಾನದಂಡದವೇ.

ತಪ್ಪು ಯಾವ ಪದರದ್ದು

ಮಿಕ್ಸ್ ಡಿಸೈನಿಗೆ ಕೈ ಹಾಕುವ ಮೊದಲು ಕುಸಿದದ್ದು ಮಿಕ್ಸೋ, ಅದರ ಕೆಳಗಿನದೋ ಎಂದು ತಿಳಿಯಬೇಕು. ಎರೆ ಭೂಮಿಯ ಮೇಲೆ ಹಾಯುವ ರಸ್ತೆಗಳಲ್ಲಿ ಈ ಅನುಮಾನ ಸಹಜ. ಲೇನಿನ ಅಡ್ಡಕ್ಕೆ 300 ಮಿ.ಮೀ. ಅಗಲದ ಸೀಳು ಕಟರ್‌ನಿಂದ ತೆಗೆದು, ಗೋಡೆಯನ್ನು ನೀರಿನಿಂದ ತೊಳೆದು, ಮೇಲೆ ದಾರ ಕಟ್ಟಿ, ಪ್ರತಿ 100 ಮಿ.ಮೀ.ಗೆ ಎರಡು ಅಳತೆ ತೆಗೆದುಕೊಳ್ಳಬೇಕು: ದಾರದಿಂದ ರಸ್ತೆಯ ಮೇಲ್ಮೈಗೆ ಎಷ್ಟು, ದಾರದಿಂದ ಬಿಸಿ (ಬಿಟುಮಿನಸ್ ಕಾಂಕ್ರೀಟ್, ಮೇಲಿನ ಡಾಂಬರು ಪದರ) ಮತ್ತು ಡಿಬಿಎಂ (ಅದರ ಕೆಳಗಿನ ಡಾಂಬರು ಪದರ) ಕೂಡುವ ಗೆರೆಗೆ ಎಷ್ಟು.

ಕೂಡುವ ಗೆರೆಯೂ ಜಾಡಿನ ಕೆಳಗೆ ಬಾಗಿದ್ದರೆ ದೋಷ ಕೆಳಗಿನದು. ಮೇಲಿನ ಮಿಕ್ಸ್ ಎಷ್ಟು ಬದಲಿಸಿದರೂ ಪ್ರಯೋಜನವಿಲ್ಲ. ನಮ್ಮ ಪ್ರಕರಣದಲ್ಲಿ ಗೆರೆ ನೇರವಾಗಿದೆ. ಆದರೆ 50 ಮಿ.ಮೀ. ಹಾಕಿದ ಬಿಸಿ ಪದರ ಜಾಡಿನಲ್ಲಿ 31 ಮಿ.ಮೀ.ಗೆ ಇಳಿದಿದೆ, ದಿಂಡಿನಲ್ಲಿ 61 ಮಿ.ಮೀ.ಗೆ ಏರಿದೆ. ಅಂದರೆ ಮಿಕ್ಸ್ ಬರೀ ದಮ್ಮಸ್ಸಾಗಿಲ್ಲ, ಪಕ್ಕಕ್ಕೆ ಹರಿದಿದೆ. ಜಾಡಿನಲ್ಲಿ ಕೊರೆದು ತೆಗೆದ ತುಂಡಿನ (ಕೋರ್) ಏರ್ ವಾಯ್ಡ್ಸ್, ಅಂದರೆ ಒಳಗಿನ ಗಾಳಿಯ ಜಾಗ, ಶೇ 1.5; ಎರಡು ಜಾಡುಗಳ ನಡುವೆ ತೆಗೆದ ಕೋರಿನದು ಶೇ 5ಕ್ಕಿಂತ ಮೇಲೆ. ಶೇ 3ಕ್ಕಿಂತ ಕೆಳಗೆ ಇಳಿದ ಮಿಕ್ಸಿನಲ್ಲಿ ಭಾರವನ್ನು ಕಲ್ಲು ಹೊರುವುದಿಲ್ಲ, ಕಲ್ಲುಗಳ ನಡುವೆ ಸಿಕ್ಕಿಬಿದ್ದ ಡಾಂಬರು ಹೊರುತ್ತದೆ. ಬಿಸಿಲಲ್ಲಿ ಅದಕ್ಕೆ ಆ ತಾಕತ್ತಿಲ್ಲ.

ಭಾರ, ವೇಗ, ಬಿಸಿಲು

ಜೋಡಿ ಗಾಲಿಯ ಸಿಂಗಲ್ ಆಕ್ಸಲ್‌ಗೆ ಸ್ಟ್ಯಾಂಡರ್ಡ್ ಭಾರ 80 ಕಿಲೋನ್ಯೂಟನ್ (8.16 ಟನ್). ಹಾನಿ ಭಾರದ ನಾಲ್ಕನೇ ಘಾತದಲ್ಲಿ ಏರುತ್ತದೆ. 2018ರಲ್ಲಿ ಈ ಆಕ್ಸಲಿನ ಕಾನೂನು ಮಿತಿ 10.2 ಟನ್‌ನಿಂದ 11.5 ಟನ್ನಿಗೆ ಏರಿದಾಗ ಒಂದು ಆಕ್ಸಲಿನ ಹಾನಿ ಸ್ಟ್ಯಾಂಡರ್ಡ್ ಆಕ್ಸಲಿನ 2.4 ಪಟ್ಟಿನಿಂದ 3.9 ಪಟ್ಟಿಗೆ ಏರಿತು. ಓವರ್‌ಲೋಡ್ ಆಗಿ 15 ಟನ್ ಬಂದರೆ ಒಂದೇ ಆಕ್ಸಲ್ 11.4 ಸ್ಟ್ಯಾಂಡರ್ಡ್ ಆಕ್ಸಲಿಗೆ ಸಮ. ದಿನಕ್ಕೆ 1000 ತುಂಬಿದ ಲಾರಿ, ಲಾರಿಗೆ 6 ಸ್ಟ್ಯಾಂಡರ್ಡ್ ಆಕ್ಸಲ್ ಎಂದು ಹಿಡಿದರೆ ವರ್ಷಕ್ಕೆ 2.19 ಎಂಎಸ್‌ಎ (ಹತ್ತು ಲಕ್ಷ ಸ್ಟ್ಯಾಂಡರ್ಡ್ ಆಕ್ಸಲ್‌ಗೆ ಒಂದು ಎಂಎಸ್‌ಎ). ಸೂಪರ್‌ಪೇವ್ ಕೇಳುವಂತೆ 20 ವರ್ಷಕ್ಕೆ ಲೆಕ್ಕ ಹಾಕಿದರೆ, ಬೆಳವಣಿಗೆ ಬಿಟ್ಟೇ 43.8 ಎಂಎಸ್‌ಎ.

ಆದರೆ ಹಿಂದಿನ ಎರಡು ಕಿಲೋಮೀಟರಿನಲ್ಲಿ ಓಡಿದ್ದೂ ಇವೇ ಲಾರಿಗಳು. ಎರಡೂ ಕಡೆಗೆ ಇರುವ ವ್ಯತ್ಯಾಸ ವೇಗದ್ದು. ಟೈರು ನೆಲಕ್ಕೆ ತಾಗುವ ಉದ್ದ ಸುಮಾರು 25 ಸೆಂ.ಮೀ. ಎಂದಿಟ್ಟುಕೊಳ್ಳಿ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಒಂದು ಬಿಂದುವಿನ ಮೇಲೆ ಗಾಲಿ ಇರುವುದು 0.015 ಸೆಕೆಂಡ್, 5 ಕಿ.ಮೀ. ವೇಗದಲ್ಲಿ 0.18 ಸೆಕೆಂಡ್. ಹನ್ನೆರಡು ಪಟ್ಟು. ನಿಂತ ಲಾರಿಗಂತೂ ಲೆಕ್ಕವೇ ಇಲ್ಲ. ಡಾಂಬರು ಗಟ್ಟಿ ಪದಾರ್ಥದಂತೆ ಕಂಡರೂ ಹೊತ್ತು ಕೊಟ್ಟರೆ ಹರಿಯುವಂಥದ್ದು.

ಇನ್ನು ಬಿಸಿಲು. ಏಳು ದಿನಗಳ ಗರಿಷ್ಠ ಗಾಳಿ ತಾಪಮಾನದ ಸರಾಸರಿ 41° ಸೆ. ಎಂದು ಹಿಡಿದು, ಬಳ್ಳಾರಿಯ ಅಕ್ಷಾಂಶ 15.15° ಹಾಕಿ ಸೂಪರ್‌ಪೇವ್ ಸೂತ್ರದಲ್ಲಿ ಲೆಕ್ಕ ಮಾಡಿದರೆ 20 ಮಿ.ಮೀ. ಆಳದಲ್ಲಿ ರಸ್ತೆಯ ತಾಪಮಾನ 63.6° ಬರುತ್ತದೆ. ಅಂದರೆ ಓಡುವ ರಸ್ತೆಗೆ 64° ತಡೆಯುವ ಡಾಂಬರು, 64ರ ಗ್ರೇಡ್. ನಿಧಾನ ಸಂಚಾರಕ್ಕೆ ಒಂದು ಮೆಟ್ಟಿಲು ಏರಿಸಿ 70, ನಿಲ್ಲುವ ಸಂಚಾರಕ್ಕೆ ಎರಡು ಮೆಟ್ಟಿಲು ಏರಿಸಿ 76. ವೇಬ್ರಿಡ್ಜ್ ಮುಂದೆ ಬೇಕಾದದ್ದು 76. ಹಾಕಿದ್ದು ವಿಜಿ-30, ಸ್ನಿಗ್ಧತೆಯಿಂದ ಗ್ರೇಡ್ ಮಾಡಿದ ಸಾಮಾನ್ಯ ಡಾಂಬರು.

ಮಾರ್ಷಲ್ ಹೇಳಿದ್ದು

ಅಮೆರಿಕದ ಮಿಸಿಸಿಪಿ ಹೆದ್ದಾರಿ ಇಲಾಖೆಯಲ್ಲಿದ್ದ ಬ್ರೂಸ್ ಮಾರ್ಷಲ್ 1939ರ ಸುಮಾರಿಗೆ ರೂಪಿಸಿದ ಈ ವಿಧಾನವನ್ನು ಎರಡನೇ ಮಹಾಯುದ್ಧದ ಕಾಲದಲ್ಲಿ ಅಲ್ಲಿನ ಸೇನೆಯ ಎಂಜಿನಿಯರುಗಳು ವಿಮಾನ ನಿಲ್ದಾಣಗಳಿಗಾಗಿ ಬೆಳೆಸಿದರು. ನಮ್ಮ ಕೇಂದ್ರ ಸಾರಿಗೆ ಸಚಿವಾಲಯದ ಸ್ಪೆಸಿಫಿಕೇಷನ್ ಇಂದಿಗೂ ಇದರ ಮೇಲೇ ನಿಂತಿದೆ. 101.6 ಮಿ.ಮೀ. ವ್ಯಾಸದ ಮೋಲ್ಡಿಗೆ ಸುಮಾರು 1200 ಗ್ರಾಂ ಕಾಯಿಸಿದ ಮಿಕ್ಸ್ ಹಾಕಿ, 4.54 ಕೆ.ಜಿ. ಹ್ಯಾಮರನ್ನು 457 ಮಿ.ಮೀ. ಎತ್ತರದಿಂದ ಬೀಳಿಸಿ, ಪ್ರತಿ ಮುಖಕ್ಕೆ 75 ಪೆಟ್ಟು. ಆಮೇಲೆ ಆ ಬಿಲ್ಲೆಯನ್ನು 60° ನೀರಿನಲ್ಲಿ 30ರಿಂದ 40 ನಿಮಿಷ ಇಟ್ಟು, ನಿಮಿಷಕ್ಕೆ 51 ಮಿ.ಮೀ. ವೇಗದಲ್ಲಿ ಒತ್ತಿ ಸ್ಟೆಬಿಲಿಟಿ (ಬಿಲ್ಲೆ ತಡೆದ ಗರಿಷ್ಠ ಭಾರ) ಮತ್ತು ಫ್ಲೋ (ಆಗ ಅದು ಕುಗ್ಗಿದಷ್ಟು) ಓದುವುದು.

ಹಾಕಿದ ಮಿಕ್ಸ್ ಬಿಸಿ ಗ್ರೇಡ್-1. 4.75 ಮಿ.ಮೀ. ಜರಡಿಯಲ್ಲಿ ಶೇ 50, 2.36ರಲ್ಲಿ 39, 0.6ರಲ್ಲಿ 25, 0.075ರಲ್ಲಿ 7 ಇಳಿಯುತ್ತದೆ. ಎಲ್ಲವೂ ಸ್ಪೆಸಿಫಿಕೇಷನ್ ಪಟ್ಟಿಯೊಳಗೇ ಇವೆ. 20 ಮಿ.ಮೀ., 12 ಮಿ.ಮೀ. ಜಲ್ಲಿ, ಕ್ರಷರ್ ಡಸ್ಟ್, ಜೊತೆಗೆ ಶೇ 10ರಷ್ಟು ಹಳ್ಳದ ಮರಳು. ಡಾಂಬರು ಶೇ 5.4ಕ್ಕೆ ಏರ್ ವಾಯ್ಡ್ಸ್ 4.0, ವಿಎಂಎ (ಕಲ್ಲುಗಳ ನಡುವಿನ ಒಟ್ಟು ಜಾಗ) 15.5, ವಿಎಫ್‌ಬಿ (ಆ ಜಾಗದಲ್ಲಿ ಡಾಂಬರು ತುಂಬಿದ ಪಾಲು) 74. ಬೇಕಾದದ್ದು ಕ್ರಮವಾಗಿ 3ರಿಂದ 5, ಕನಿಷ್ಠ 13, ಮತ್ತು 65ರಿಂದ 75. ಸ್ಟೆಬಿಲಿಟಿ 13 ಕಿಲೋನ್ಯೂಟನ್. ವಿಜಿ ಡಾಂಬರಿಗೆ 9 ಸಾಕು.

ಎಡವುವುದು ಇಲ್ಲೇ. ಸ್ಟೆಬಿಲಿಟಿ ಹೆಚ್ಚಿದ್ದರೆ ಜಾಡು ಬೀಳುವುದಿಲ್ಲ ಎಂದು ನಂಬುವವರು ಈಗಲೂ ಇದ್ದಾರೆ. ಆ ಪರೀಕ್ಷೆ ಬಿಲ್ಲೆಯನ್ನು ಎರಡು ಬಾಗಿದ ದವಡೆಗಳ ನಡುವೆ ಅಡ್ಡಲಾಗಿ, ಬೇಗನೆ ಹಿಂಡುತ್ತದೆ. ಲಾರಿ ಮೇಲಿನಿಂದ, ನಿಧಾನವಾಗಿ, ಲಕ್ಷಾಂತರ ಸಲ ಒತ್ತುತ್ತದೆ. ಎರಡಕ್ಕೂ ಹೋಲಿಕೆ ತೀರ ಕಡಿಮೆ. ಮಾರ್ಷಲ್ ವರದಿಯಲ್ಲಿ ಬೆಲೆಯುಳ್ಳ ಭಾಗವೆಂದರೆ ಏರ್ ವಾಯ್ಡ್ಸ್, ವಿಎಂಎ, ವಿಎಫ್‌ಬಿ. ಅವೂ 75 ಪೆಟ್ಟಿನ ಸಾಂದ್ರತೆಗೆ ಮಾತ್ರ ಸತ್ಯ.

ಆ ಸತ್ಯವನ್ನೂ ಕೆಡಿಸುವ ಒಂದು ತಪ್ಪು ಸೈಟ್ ಲ್ಯಾಬ್‌ಗಳಲ್ಲಿ ಪದೇ ಪದೇ ಆಗುತ್ತದೆ. ಸಡಿಲ ಮಿಕ್ಸನ್ನು ವ್ಯಾಕ್ಯೂಮ್ ಪಾತ್ರೆಯಲ್ಲಿಟ್ಟು ಗರಿಷ್ಠ ಸ್ಪೆಸಿಫಿಕ್ ಗ್ರಾವಿಟಿ (ಜಿಎಂಎಂ, ಗಾಳಿಯ ಜಾಗವಿಲ್ಲದ ಮಿಕ್ಸಿನ ಸಾಪೇಕ್ಷ ಸಾಂದ್ರತೆ) ಅಳೆಯುವ ಬದಲು, ಜಲ್ಲಿಯ ಗ್ರಾವಿಟಿಯಿಂದ ಲೆಕ್ಕ ಹಾಕಿಬಿಡುತ್ತಾರೆ. ನಮ್ಮ ಜಲ್ಲಿಯ ಬಲ್ಕ್ ಗ್ರಾವಿಟಿ (ಕಲ್ಲಿನ ರಂಧ್ರಗಳೂ ಸೇರಿ) 2.650, ಎಫೆಕ್ಟಿವ್ (ಡಾಂಬರು ಇಳಿಯದ ರಂಧ್ರ ಮಾತ್ರ ಸೇರಿ) 2.680, ಅಪ್ಯಾರೆಂಟ್ (ನೀರು ಇಳಿಯುವ ರಂಧ್ರ ಬಿಟ್ಟು) 2.720, ಡಾಂಬರಿನದು 1.03 ಎನ್ನೋಣ. ಶೇ 5.4 ಡಾಂಬರಿಗೆ ನಿಜವಾದ ಜಿಎಂಎಂ 2.467, ಬಿಲ್ಲೆಯ ಗ್ರಾವಿಟಿ 2.368, ವಾಯ್ಡ್ಸ್ 4.0. ಅಪ್ಯಾರೆಂಟ್ ಗ್ರಾವಿಟಿ ಹಾಕಿದರೆ ಜಿಎಂಎಂ 2.499 ಆಗಿ ಅದೇ ಬಿಲ್ಲೆಯ ವಾಯ್ಡ್ಸ್ 5.2 ಎಂದು ತೋರುತ್ತದೆ. ತಕ್ಷಣ ‘ಡಾಂಬರು ಸ್ವಲ್ಪ ಜಾಸ್ತಿ ಮಾಡಿ’ ಎಂಬ ಸೂಚನೆ ಹೋಗುತ್ತದೆ, ಸರಿಯಿದ್ದ ಮಿಕ್ಸ್ ಜಿಡ್ಡಾಗುತ್ತದೆ. ಬಲ್ಕ್ ಗ್ರಾವಿಟಿ ಹಾಕಿದರೆ ಉಲ್ಟಾ, 3.1 ಎಂದು ತೋರುತ್ತದೆ. ಒಂದು ವ್ಯಾಕ್ಯೂಮ್ ಪಂಪ್ ಇಲ್ಲದ ಲ್ಯಾಬಿನಲ್ಲಿ ಮೂರು ವಿಧಾನಗಳನ್ನು ಹೋಲಿಸುವ ಮಾತೇ ಬೇಡ.

ಜೈರೇಟರಿ ಹೇಳಿದ್ದು

ಸೂಪರ್‌ಪೇವ್ 1987ರಿಂದ 1993ರವರೆಗೆ ಅಮೆರಿಕದಲ್ಲಿ ನಡೆದ ಹೆದ್ದಾರಿ ಸಂಶೋಧನಾ ಯೋಜನೆಯ ಫಲ. ಇದರ ಜೈರೇಟರಿ ಯಂತ್ರದಲ್ಲಿ ಪೆಟ್ಟು ಇಲ್ಲ. 150 ಮಿ.ಮೀ. ಮೋಲ್ಡಿನಲ್ಲಿ 600 ಕಿಲೋಪ್ಯಾಸ್ಕಲ್ ಒತ್ತಡ ಇಟ್ಟು, ಮೋಲ್ಡನ್ನು 1.16° ಒಳಕೋನಕ್ಕೆ ಓರೆ ಮಾಡಿ, ನಿಮಿಷಕ್ಕೆ 30 ಸುತ್ತು ತಿರುಗಿಸುತ್ತಾರೆ. ಹೊಡೆಯುವ ಬದಲು ಕಲಸಿ ಕೂರಿಸುವ ಕ್ರಿಯೆ ಇದು. ರೋಲರ್ ಮತ್ತು ಗಾಲಿ ಕಲ್ಲುಗಳನ್ನು ಹೊರಳಿಸಿ ಕೂರಿಸುವ ರೀತಿಗೆ ಹತ್ತಿರ. ಮಿಕ್ಸನ್ನು ಮೊದಲು 2 ಗಂಟೆ ಓವನ್ನಿನಲ್ಲಿ ಇಡಬೇಕು, ಡಾಂಬರನ್ನು ಕಲ್ಲು ಹೀರಿಕೊಳ್ಳಲು. ಸುತ್ತುಗಳ ಸಂಖ್ಯೆ ಸಂಚಾರಕ್ಕೆ ತಕ್ಕಂತೆ: 3ರಿಂದ 30 ಎಂಎಸ್‌ಎಗೆ 100, ಅದಕ್ಕೂ ಮೇಲೆ 125. ನಮ್ಮದು 125.

ಅದೇ ಹಳೇ ಮಿಕ್ಸ್, ಅದೇ ಶೇ 5.4 ಡಾಂಬರು 125 ಸುತ್ತಿಗೆ ಹಾಕಿದರೆ ಏರ್ ವಾಯ್ಡ್ಸ್ 2.0ಕ್ಕೆ ಇಳಿಯುತ್ತದೆ. ವಿಎಫ್‌ಬಿ 85. ಮಾರ್ಷಲ್‌ನಲ್ಲಿ ಪಾಸಾದದ್ದು ಇಲ್ಲಿ ಎರಡು ಕಡೆ ಫೇಲ್. ಹಳೇ ಗ್ರೇಡೇಷನ್ (ಜಲ್ಲಿ ಗಾತ್ರಗಳ ಪ್ರಮಾಣ) ಹಾಗೇ ಇಟ್ಟು ಡಾಂಬರು ಎಷ್ಟಾದರೆ 4 ವಾಯ್ಡ್ಸ್ ಬರುತ್ತದೆ ಎಂಬ ಅಂದಾಜು ಸುಲಭ: ಒಂದು ವಾಯ್ಡಿಗೆ 0.4 ಡಾಂಬರು. 5.4 ಕಳೆ 0.8, ಅಂದರೆ 4.6.

ಇದನ್ನು ಉತ್ತರವೆಂದು ತೆಗೆದುಕೊಂಡರೆ ಮತ್ತೊಂದು ಗುಂಡಿಗೆ ಬಿದ್ದ ಹಾಗೆ. ಬಿಸಿ ಗ್ರೇಡ್-1ಕ್ಕೆ ಸ್ಪೆಸಿಫಿಕೇಷನ್ ಕೇಳುವ ಕನಿಷ್ಠ ಡಾಂಬರು 5.2. ಅದಕ್ಕೆ ಕಾರಣವೂ ಇದೆ. ಬಳ್ಳಾರಿ ಸುತ್ತಿನ ಜಲ್ಲಿ ಹೆಚ್ಚಾಗಿ ಗ್ರಾನೈಟ್, ನೈಸ್. ಸಿಲಿಕಾ ಜಾಸ್ತಿ ಇರುವ ಕಲ್ಲು. ನೀರು ಸಿಕ್ಕರೆ ಡಾಂಬರನ್ನು ಬಿಟ್ಟು ನೀರನ್ನೇ ಹಿಡಿಯುವ ಗುಣ ಅದರದ್ದು. ತೆಳು ಡಾಂಬರಿನ ಒಣ ಮಿಕ್ಸ್ ಬೇಸಿಗೆ ದಾಟಬಹುದು, ಮಳೆಗಾಲದಲ್ಲಿ ಕಲ್ಲು ಕಿತ್ತು ಬರುತ್ತದೆ. ಹೆಚ್ಚು ಸುತ್ತುಗಳಿಂದ ಮಿಕ್ಸ್ ಒಣಗಿ ಬಿರುಕು ಬಿಡುತ್ತಿದೆ ಎಂದು ಅಮೆರಿಕದ ಹಲವು ರಾಜ್ಯಗಳೇ ಸುತ್ತುಗಳನ್ನು ಇಳಿಸಿಕೊಂಡಿವೆ. ಡಾಂಬರು ಕಡಿಮೆ ಮಾಡುವುದು ಪರಿಹಾರವಲ್ಲ; 5.2 ಡಾಂಬರು ಕೂತರೂ ಜಾಗ ಉಳಿಯುವಂತೆ ಕಲ್ಲಿನ ಗೂಡನ್ನು ದೊಡ್ಡದು ಮಾಡಬೇಕು.

ಎಷ್ಟು ದೊಡ್ಡದು? ಶೇ 5.2 ಡಾಂಬರಿಗೆ ಜಿಎಂಎಂ 2.474. ವಾಯ್ಡ್ಸ್ 4 ಬೇಕೆಂದರೆ ಬಿಲ್ಲೆಯ ಗ್ರಾವಿಟಿ 2.375. ಆಗ ವಿಎಂಎ 15.0. ಹಳೇ ಗ್ರೇಡೇಷನ್ 125 ಸುತ್ತಿಗೆ, 4 ವಾಯ್ಡ್ಸ್‌ನಲ್ಲಿ ಕೊಡುವುದು 13.9. ಕೊರತೆ 1.1.

ಪೆಟ್ಟು ಹೊಡೆಯುತ್ತಲೇ ಹೋದರೆ

ಜೈರೇಟರಿ ಯಂತ್ರ ಎಲ್ಲ ಸೈಟ್ ಲ್ಯಾಬಿಗೂ ಎಟಕುವಂಥದ್ದಲ್ಲ. ಬ್ರಿಟನ್ನಿನ ಟಿಆರ್‌ಎಲ್ ಸಂಸ್ಥೆ ಉಷ್ಣ ದೇಶಗಳ ರಸ್ತೆಗಳಿಗೆಂದು ಹೇಳಿದ ರಿಫ್ಯೂಸಲ್ ಡೆನ್ಸಿಟಿ ವಿಧಾನ ಇಲ್ಲಿ ತೀರ ಹತ್ತಿರದ ಆಸರೆ. ಇನ್ನು ಎಷ್ಟು ಬಡಿದರೂ ಸಾಂದ್ರತೆ ಏರುವುದಿಲ್ಲ ಎನ್ನುವ ಮಟ್ಟಕ್ಕೆ ಮಿಕ್ಸನ್ನು ಕೂರಿಸಿ, ಆಗಲೂ ಏರ್ ವಾಯ್ಡ್ಸ್ ಕನಿಷ್ಠ 3 ಉಳಿಯಬೇಕು ಎಂಬುದೇ ನಿಯಮ. ನಿಧಾನದ, ಭಾರದ ಲಾರಿಗಳು ರಸ್ತೆಯನ್ನು ಕೊನೆಗೆ ಒಯ್ದು ಮುಟ್ಟಿಸುವುದು ಈ ಮಟ್ಟಕ್ಕೇ.

ಒಳ್ಳೆಯ ದಾರಿ ವೈಬ್ರೇಟಿಂಗ್ ಹ್ಯಾಮರ್: ದೊಡ್ಡ ಮೋಲ್ಡಿನಲ್ಲಿ 102 ಮಿ.ಮೀ. ಪಾದದಿಂದ ನಾಲ್ಕು ದಿಕ್ಕಿಗೂ ಸರಿಸುತ್ತ ಪ್ರತಿ ಮುಖಕ್ಕೆ 2 ನಿಮಿಷ, ಆಮೇಲೆ 146 ಮಿ.ಮೀ. ಪಾದದಿಂದ ಮಟ್ಟ. ಅದೂ ಇಲ್ಲದಿದ್ದರೆ ಮಾರ್ಷಲ್ ಹ್ಯಾಮರಿನಲ್ಲೇ 75, 150, 300, 500 ಪೆಟ್ಟಿನ ಬಿಲ್ಲೆಗಳನ್ನು ಮಾಡಿ ಗ್ರಾಫ್ ಹಾಕಬಹುದು. ಒಂದು ಎಚ್ಚರ ಬೇಕು: 500 ಪೆಟ್ಟಿಗೆ ಜಲ್ಲಿಯೇ ಪುಡಿಯಾಗಿ ಸಾಂದ್ರತೆ ಏರಿದಂತೆ ತೋರಬಹುದು. ಒಂದು ಬಿಲ್ಲೆಯ ಡಾಂಬರು ತೆಗೆದು ಜರಡಿ ಹಿಡಿದು ನೋಡಲೇಬೇಕು.

ಹಳೇ ಮಿಕ್ಸ್ ರಿಫ್ಯೂಸಲ್‌ನಲ್ಲಿ 1.2 ವಾಯ್ಡ್ಸ್‌ಗೆ ಇಳಿಯುತ್ತದೆ. ಜಾಡಿನ ಕೋರಿನಲ್ಲಿ ಸಿಕ್ಕ 1.5ನ್ನು ಇದರ ಪಕ್ಕಕ್ಕಿಟ್ಟು ನೋಡಿ. ಹಾಕುವ ಮುಂಚೆಯೇ ಈ ಒಂದು ಪರೀಕ್ಷೆ ಮಾಡಿದ್ದರೆ ಒಂದು ದಿನದ ಕೆಲಸದಲ್ಲಿ ಈ ಕುಸಿತ ಕಣ್ಣಿಗೆ ಬೀಳುತ್ತಿತ್ತು.

ಹ್ಯಾಂಬರ್ಗ್ ವೀಲ್ ಟ್ರ್ಯಾಕಿಂಗ್ ಮಾಡಿಸಲು ಸಾಧ್ಯವಾದರೆ ಕೊನೆಯ ತೀರ್ಪಿಗೆ ಅದು ಒಳ್ಳೆಯದು: 50° ನೀರಿನಲ್ಲಿ ಉಕ್ಕಿನ ಗಾಲಿ 705 ನ್ಯೂಟನ್ ಭಾರದಲ್ಲಿ 20,000 ಸಲ ಓಡಿದಾಗ ಜಾಡು 12.5 ಮಿ.ಮೀ. ಮೀರಬಾರದು.

ಬದಲಾದದ್ದು ಜಲ್ಲಿಯ ಜೋಡಣೆ

ಹಳೇ ಗ್ರೇಡೇಷನ್ನನ್ನು 0.45 ಪವರ್ ಚಾರ್ಟಿನಲ್ಲಿ (ಜರಡಿ ಗಾತ್ರದ 0.45ನೇ ಘಾತದ ಗ್ರಾಫ್) ಎಳೆದರೆ ತಪ್ಪು ಎದ್ದು ಕಾಣುತ್ತದೆ. ಗರಿಷ್ಠ ಸಾಂದ್ರತೆಯ ಗೆರೆ 0.6 ಮಿ.ಮೀ. ಜರಡಿಯಲ್ಲಿ 18 ಹೇಳುವಾಗ ನಮ್ಮದು 25, ಅಲ್ಲೊಂದು ಗೂನು. ಅದು ಹಳ್ಳದ ಮರಳಿನದು. ನೀರಲ್ಲಿ ಉರುಳಿ ನುಣುಪಾದ ಕಣಗಳು ಒಂದರ ಮೇಲೊಂದು ಜಾರುತ್ತವೆ, ಗೂಡನ್ನೂ ತುಂಬುತ್ತವೆ. ಡಸ್ಟ್ ಕೂಡ ಜಾಸ್ತಿ: 0.075 ಇಳಿದದ್ದು 7, ಕಲ್ಲು ಹೀರಿ ಉಳಿದ ಡಾಂಬರು 5.0, ಅನುಪಾತ 1.4. ಸೂಪರ್‌ಪೇವ್ ಒಪ್ಪುವುದು 0.6ರಿಂದ 1.2. ನಮ್ಮ ಸ್ಪೆಸಿಫಿಕೇಷನ್ ಪಟ್ಟಿ 2ರಿಂದ 8 ಎನ್ನುವುದರಿಂದ ಮಾರ್ಷಲ್ ವರದಿಯಲ್ಲಿ ಇದು ಯಾರ ಕಣ್ಣಿಗೂ ಬೀಳಲಿಲ್ಲ.

ಹೊಸ ಜೋಡಣೆಯಲ್ಲಿ ಹಳ್ಳದ ಮರಳು ಪೂರ್ತಿ ಹೊರಗೆ. ಬದಲಿಗೆ ತೊಳೆದ ಎಂ-ಸ್ಯಾಂಡ್. ಅದರ ಕೋನೀಯತೆ (ಕಣಗಳ ಮೂಲೆಮೊನಚಿನ ಅಳತೆ) 45 ದಾಟಿರಬೇಕು. 4.75ರಲ್ಲಿ 41, 2.36ರಲ್ಲಿ 30, 0.6ರಲ್ಲಿ 17, 0.075ರಲ್ಲಿ 4.8. ಇದೂ ಗ್ರೇಡ್-1 ಪಟ್ಟಿಯೊಳಗೇ ಇದೆ, ಆದರೆ ಗರಿಷ್ಠ ಸಾಂದ್ರತೆಯ ಗೆರೆಯ ಕೆಳಗೆ. ಆ 4.8ರಲ್ಲೇ ಶೇ 2 ಹೈಡ್ರೇಟೆಡ್ ಸುಣ್ಣ ಸೇರಿದೆ, ಗ್ರಾನೈಟಿಗೆ ಡಾಂಬರು ಕಚ್ಚಿ ಹಿಡಿಯಲು. ಟೆನ್ಸೈಲ್ ಬಲದ ಅನುಪಾತ (ಒಣ ಬಿಲ್ಲೆಗೆ ಹೋಲಿಸಿ ನೆನೆಸಿದ ಬಿಲ್ಲೆಯ ಬಲ) ಶೇ 80 ದಾಟಿದೆಯೇ ಎಂದು ನೋಡದೆ ಮುಂದೆ ಹೋಗಬಾರದು. ಡಸ್ಟ್ ಅನುಪಾತ 1.0.

ಶೇ 5.2 ಡಾಂಬರಿಗೆ ಹೊಸ ಮಿಕ್ಸ್ 75 ಪೆಟ್ಟಿನಲ್ಲಿ ಕೊಡುವ ವಾಯ್ಡ್ಸ್ 5.0, ವಿಎಫ್‌ಬಿ 68.6. ಅಂಚಿನಲ್ಲಿದ್ದರೂ ಸ್ಪೆಸಿಫಿಕೇಷನ್ನಿಗೆ ಪಾಸ್. 125 ಸುತ್ತಿನಲ್ಲಿ 4.0. ರಿಫ್ಯೂಸಲ್‌ನಲ್ಲಿ 3.1. ಹಳೇ ಮಿಕ್ಸ್ 75 ಪೆಟ್ಟಿನಿಂದ ರಿಫ್ಯೂಸಲ್‌ವರೆಗೆ 2.8 ಕುಸಿದರೆ ಇದು 1.9 ಮಾತ್ರ, ಕಲ್ಲಿಗೆ ಕಲ್ಲು ತಾಗಿ ತಡೆಯುತ್ತಿದೆ. ಸ್ಟೆಬಿಲಿಟಿ ಹಳೆಯದಕ್ಕಿಂತ ಕಡಿಮೆ ಬರಬಹುದು. 9 ದಾಟಿದ್ದರೆ ಅದಕ್ಕಾಗಿ ಗಾಬರಿ ಬೇಡ, ಅದನ್ನು ಏರಿಸಲು ಡಸ್ಟ್ ಸೇರಿಸುವುದಂತೂ ಬೇಡವೇ ಬೇಡ.

ಡಾಂಬರು ಮತ್ತು ಹಾಕುವ ಕೆಲಸ

ಲೆಕ್ಕದ ಪ್ರಕಾರ ಬೇಕಾದದ್ದು ಪಿಎಂಬಿ 76-10, ಪಾಲಿಮರ್ ಸೇರಿಸಿದ ಡಾಂಬರು. ಆದರೆ 200 ಮೀಟರ್ ಉದ್ದ, 7 ಮೀಟರ್ ಅಗಲ, 50 ಮಿ.ಮೀ. ದಪ್ಪಕ್ಕೆ ಮಿಕ್ಸ್ 161 ಟನ್, ಡಾಂಬರು 8.4 ಟನ್. ಅರ್ಧ ಟ್ಯಾಂಕರೂ ಆಗದು. ಪ್ಲಾಂಟಿನಲ್ಲಿ ಬಿಡಿ ಟ್ಯಾಂಕ್ ಇಲ್ಲದೆ ಪಿಎಂಬಿಯನ್ನು ವಾರಗಟ್ಟಲೆ ಕಾಯಿಸಿ ಇಟ್ಟರೆ ಪಾಲಿಮರ್ ಬೇರೆಯಾಗುತ್ತದೆ, ಹಾಕಿದ ದುಡ್ಡು ನೀರಿಗೆ. ಟ್ಯಾಂಕ್ ಇದ್ದರೆ ಪಿಎಂಬಿ. ಇಲ್ಲದಿದ್ದರೆ ವಿಜಿ-30ಕ್ಕಿಂತ ಗಟ್ಟಿಯಾದ ವಿಜಿ-40 ಮತ್ತು ಹೊಸ ಗ್ರೇಡೇಷನ್. ವಿಜಿ-30 ಇಟ್ಟುಕೊಂಡು ಗ್ರೇಡೇಷನ್ ಒಂದನ್ನೇ ನಂಬುವುದು ಈ ಬಿಸಿಲಿಗೆ ಸಾಲದು.

ಹೊಸ ಮಿಕ್ಸಿಗೆ ಒಂದು ಬೆಲೆ ಇದೆ, ಅದನ್ನು ಮುಚ್ಚಿಡಬಾರದು. ಇಂಥ ಒರಟು ಗ್ರೇಡೇಷನ್ನಿಗೆ ಪದರದ ದಪ್ಪ ನಾಮಿನಲ್ ಜಲ್ಲಿಯ ಗಾತ್ರದ ನಾಲ್ಕು ಪಟ್ಟು ಇದ್ದರೆ ಚೆನ್ನ. 19 ಮಿ.ಮೀ. ಜಲ್ಲಿಗೆ 50 ಮಿ.ಮೀ. ಪದರ ಎಂದರೆ 2.6 ಪಟ್ಟು ಮಾತ್ರ. ಕಲ್ಲುಗಳಿಗೆ ಹೊರಳಲು ಜಾಗ ಸಾಲದು, ಬಿಸಿಯೂ ಬೇಗ ಆರುತ್ತದೆ. ಹಾಗಾಗಿ ವಿಜಿ-40 ಮಿಕ್ಸ್ ಪ್ಲಾಂಟಿನಿಂದ 160ರಿಂದ 170 ಡಿಗ್ರಿಯಲ್ಲಿ ಹೊರಡಬೇಕು, ಹಾಸುವಾಗ 150ಕ್ಕಿಂತ ಕೆಳಗಿರಬಾರದು, ರೋಲಿಂಗ್ 100 ಡಿಗ್ರಿಗೆ ಮುನ್ನ ಮುಗಿಯಬೇಕು. ಟಿಪ್ಪರ್ ಮೇಲೆ ತಾಡಪಾಲು ಕಟ್ಟದೆ ಬಂದ ಲೋಡನ್ನು ವಾಪಸ್ ಕಳಿಸುವ ಗಟ್ಟಿತನ ಬೇಕು. ಪೇವರಿನ ಹಿಂದೆಯೇ ಸ್ಟೀಲ್ ರೋಲರ್, ಅದರ ಬೆನ್ನಿಗೆ ನ್ಯೂಮ್ಯಾಟಿಕ್ ಟೈರ್ ರೋಲರ್.

ಮೊದಲು ಟ್ರಯಲ್ ತುಣುಕು ಹಾಕಿ, ಮರುದಿನ ಕೋರ್ ತೆಗೆದು ಜಿಎಂಎಂನ ಶೇ 92 ದಾಟಿದೆಯೇ ನೋಡಬೇಕು. ಗುರಿ 93. ದಾಟದಿದ್ದರೆ ಡಾಂಬರು ಏರಿಸಿ ಮಿಕ್ಸನ್ನು ಮೆದು ಮಾಡುವುದು ಸುಲಭದ ದಾರಿ, ತಪ್ಪು ದಾರಿ. ರೋಲರ್ ಪಾಸ್ ಏರಿಸಬೇಕು, ಇಲ್ಲವೇ ಈ 200 ಮೀಟರಿಗೆ ಪದರವನ್ನು 60 ಮಿ.ಮೀ. ಮಾಡಬೇಕು. ವಾಯ್ಡ್ಸ್ 8 ದಾಟಿ ಉಳಿದರೆ ರಂಧ್ರಗಳು ಒಂದಕ್ಕೊಂದು ಕೂಡಿಕೊಂಡು ನೀರು ಇಳಿಯುತ್ತದೆ, ಸುಣ್ಣ ಹಾಕಿದ ಶ್ರಮವೂ ವ್ಯರ್ಥ.

ವೇಬ್ರಿಡ್ಜ್ ತುಟಿಯಿಂದ ಹಿಂದಕ್ಕೆ 30 ಮೀಟರಿನ ಮಾತು ಬೇರೆ. ಅಲ್ಲಿ ಲಾರಿಗಳು ಗಂಟೆಗಟ್ಟಲೆ ನಿಲ್ಲುತ್ತವೆ, ಎಂಜಿನ್ನಿನಿಂದ ಡೀಸೆಲ್, ಆಯಿಲ್ ಹನಿಯುತ್ತದೆ. ಡೀಸೆಲ್ ಡಾಂಬರನ್ನೇ ಕರಗಿಸುತ್ತದೆ. ಮಾರ್ಷಲ್ ಆಗಲಿ, ಜೈರೇಟರಿ ಆಗಲಿ, ಅಷ್ಟು ಜಾಗಕ್ಕೆ ಡಾಂಬರು ಮಿಕ್ಸ್ ಹುಡುಕುವುದೇ ಸಲ್ಲ. ಅಲ್ಲಿ ಕಾಂಕ್ರೀಟ್ ಚಪ್ಪಡಿ ಹಾಕಿ, ಡಾಂಬರು ಪದರ ಅದಕ್ಕೆ ಕೂಡುವ ಜಾಗದಲ್ಲಿ ಅಂಚು ನೇರ ಕತ್ತರಿಸಿ ಸೀಲ್ ಮಾಡಿ, ಹೊಸ ಮಿಕ್ಸನ್ನು ಅಲ್ಲಿಂದ ಹಿಂದಕ್ಕೆ 170 ಮೀಟರಿಗೆ ಹಾಸುವುದು. ಮುಂದಿನ ಮೇ ಕೊನೆಯಲ್ಲಿ ಎಡ ಜಾಡಿನಲ್ಲಿ ಮೂರು ಕೋರ್ ತೆಗೆದರೆ ವಾಯ್ಡ್ಸ್ 3ರ ಮೇಲೇ ನಿಂತಿದೆಯೋ ಇಲ್ಲವೋ ಎಂಬುದು ಗೊತ್ತಾಗುತ್ತದೆ.